ಕಾಲು ಕೆರೆದು ಬರುವ ಕಾಮೆಂಟುಗಳಿಗೆ ನಾನು ಉತ್ತರ ಕೊಡುವ ರೀತಿ

ಶಾಲೆ, ಆಸ್ಪತ್ರೆ, ತೆರಿಗೆ, ಸರ್ಕಾರದ ಖರ್ಚು. ಇಂಥ ವಿಷಯಗಳ ಬಗ್ಗೆ ನಾನು ಫೇಸ್‌ಬುಕ್ಕಿನಲ್ಲೂ ಎಕ್ಸ್‌ನಲ್ಲೂ ಹಲವು ವರ್ಷಗಳಿಂದ ಬರೆಯುತ್ತಿದ್ದೇನೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಬರೆಯುತ್ತೇನೆ. ಹಾಗಾಗಿ ಬೈಗುಳ ಎಲ್ಲ ಕಡೆಯಿಂದಲೂ ಬರುತ್ತದೆ. ಇಷ್ಟು ವರ್ಷ ಇದರಲ್ಲಿ ಇದ್ದ ಮೇಲೆ ಒಂದು ವಿಷಯ ನನಗೆ ಗಟ್ಟಿಯಾಗಿದೆ. ನನ್ನ ಉತ್ತರವನ್ನು ನಾನು ಬರೆಯಬೇಕಾದದ್ದು ಆ ಜಗಳವನ್ನು ಒಂದೂ ಮಾತಾಡದೆ ಓದುತ್ತಿರುವ ಜನರಿಗಾಗಿ.

ಅವರು ಲೈಕ್ ಒತ್ತುವುದಿಲ್ಲ. ಕಾಮೆಂಟ್ ಹಾಕುವುದಿಲ್ಲ. ಆದರೆ ವಾರ ಕಳೆದ ಮೇಲೆ ಯಾರೋ ಮೆಸೇಜ್ ಮಾಡಿ, ‘ಆ ಚರ್ಚೆ ಪೂರ್ತಿ ಓದಿದೆ, ಒಂದು ಡೌಟು’ ಎಂದು ಶುರು ಮಾಡುತ್ತಾರೆ. ಬೈದವರ ಮನಸ್ಸು ಬದಲಾಗಲಿ ಎಂದು ಹಟ ಹಿಡಿದರೆ ರಾತ್ರಿಯೆಲ್ಲ ಕೂತರೂ ಮುಗಿಯುವುದಿಲ್ಲ. ಓದುವವರಿಗೆ ವಿಷಯ ತಿಳಿಯಲಿ ಎಂದು ಬರೆದರೆ ಎರಡು ಉತ್ತರ ಸಾಕು.

ಉತ್ತರ ಬರೆಯುವ ಮೊದಲು ಪ್ರೊಫೈಲ್ ನೋಡುತ್ತೇನೆ. ಫೋಟೊ ಇಲ್ಲ, ಖಾತೆ ತೆರೆದು ಸ್ವಲ್ಪ ದಿನವಾಗಿದೆ, ಗೋಡೆ ತುಂಬ ಬರೀ ಶೇರ್ ಮಾಡಿದ ಪೋಸ್ಟರುಗಳು ಅಂದರೆ ಅಲ್ಲಿಗೇ ಬಿಡುತ್ತೇನೆ. ಇನ್ನೊಂದು ಸುಲಭದ ಪರೀಕ್ಷೆ ಇದೆ. ಆ ಕಾಮೆಂಟಿನ ಒಂದು ಉದ್ದ ಸಾಲನ್ನು ಕಾಪಿ ಮಾಡಿ ಸರ್ಚ್‌ಗೆ ಹಾಕಿ. ಅದೇ ಸಾಲು, ಅದೇ ಕಾಗುಣಿತದ ತಪ್ಪಿನ ಸಮೇತ, ಬೇರೆ ಬೇರೆ ಹೆಸರಿನಲ್ಲಿ ಹತ್ತು ಕಡೆ ಸಿಕ್ಕರೆ ಅದು ಯಾರೋ ಬರೆದುಕೊಟ್ಟದ್ದು. ಅದಕ್ಕೆ ಉತ್ತರ ಕೊಟ್ಟು ಪ್ರಯೋಜನವಿಲ್ಲ.

ಕೊಟ್ಟರೆ ನಷ್ಟವೂ ಇದೆ. ಜಾಸ್ತಿ ಉತ್ತರ ಬಿದ್ದ ಕಾಮೆಂಟು ಮೇಲಕ್ಕೆ ಏರುತ್ತದೆ. ನಾವು ನಾಲ್ಕು ಜನ ಸೇರಿ ಒಂದು ಬೈಗುಳಕ್ಕೆ ಖಡಕ್ಕಾಗಿ ಉತ್ತರಿಸಿದರೆ, ಪೋಸ್ಟ್ ತೆರೆದ ಪ್ರತಿಯೊಬ್ಬರಿಗೂ ಮೊದಲು ಕಾಣುವುದು ಆ ಬೈಗುಳವೇ. ಅದಕ್ಕೇ ನಾನು ಮೊದಲು ಒಳ್ಳೆಯ ಪ್ರಶ್ನೆ ಕೇಳಿದವರಿಗೆ ವಿವರವಾಗಿ ಬರೆಯುತ್ತೇನೆ. ಭಿನ್ನಾಭಿಪ್ರಾಯವನ್ನು ಮರ್ಯಾದೆಯಿಂದ ಹೇಳಿದವರಿಗೆ ಇನ್ನೂ ವಿವರವಾಗಿ. ಆ ಕಾಮೆಂಟುಗಳು ಮೇಲೆ ಬಂದರೆ ಆಮೇಲೆ ಬರುವವರ ದನಿಯೂ ಸ್ವಲ್ಪ ತಗ್ಗುತ್ತದೆ. ಇದು ನನ್ನ ಪೋಸ್ಟುಗಳಲ್ಲಿ ಮತ್ತೆ ಮತ್ತೆ ಕಂಡ ಬದಲಾವಣೆ.

ಈ ವೇದಿಕೆಗಳು ಸಿಟ್ಟನ್ನು ಹೇಗೆ ತೂಗುತ್ತವೆ ಎಂದು ತಿಳಿದಿರುವುದು ಒಳ್ಳೆಯದು. ಫೇಸ್‌ಬುಕ್ 2017ರಿಂದ ಎಮೋಜಿ ಪ್ರತಿಕ್ರಿಯೆಗಳಿಗೆ ಲೈಕಿನ ಐದು ಪಟ್ಟು ತೂಕ ಕೊಟ್ಟಿತ್ತು. ಕೆಂಪು ಮುಖದ ಸಿಟ್ಟಿನ ಎಮೋಜಿಯೂ ಅದರಲ್ಲಿ ಸೇರಿತ್ತು. 2020ರ ಹೊತ್ತಿಗೆ ಸಿಟ್ಟಿನ ತೂಕವನ್ನು ಸೊನ್ನೆಗೆ ಇಳಿಸಿದರು. ಇದು ಹೊರಗೆ ಗೊತ್ತಾದದ್ದು 2021ರಲ್ಲಿ, ಕಂಪನಿಯ ಒಳಗಿನ ಕಾಗದಪತ್ರ ಬಯಲಾದಾಗ. ಟ್ವಿಟರ್ ಪೋಸ್ಟುಗಳ ಮೇಲೆ 2017ರಲ್ಲಿ ಬಂದ ಒಂದು ಅಧ್ಯಯನವೂ ಇದೆ. ನೀತಿ ಮತ್ತು ಭಾವನೆ ಎರಡೂ ಬೆರೆತ ಪದಗಳನ್ನು, ಅಂದರೆ ‘ನಾಚಿಕೆಗೇಡು’, ‘ದ್ರೋಹ’ದಂಥವನ್ನು ಅದು ಲೆಕ್ಕ ಹಾಕಿತು. ಅಂಥ ಒಂದೊಂದು ಪದ ಸೇರಿದಾಗಲೂ ಪೋಸ್ಟು ಹರಡುವುದು ಸುಮಾರು ಶೇ. 20ರಷ್ಟು ಹೆಚ್ಚಿತ್ತು. ನಮ್ಮ ಕಣ್ಣಿಗೆ ಬೀಳುವ ಜಗಳ ಜರಡಿ ಹಿಡಿದು ಮೇಲೆ ಬಂದದ್ದು.

ನನಗೆ ತುಂಬ ಸಮಾಧಾನ ಕೊಟ್ಟದ್ದು ಡೆನ್ಮಾರ್ಕಿನ ಇಬ್ಬರು ಸಂಶೋಧಕರ ಕೆಲಸ. ಅಲೆಕ್ಸಾಂಡರ್ ಬೋರ್ ಮತ್ತು ಮೈಕೆಲ್ ಬ್ಯಾಂಗ್ ಪೀಟರ್ಸನ್ ಅದನ್ನು 2022ರಲ್ಲಿ ಪ್ರಕಟಿಸಿದರು. ಇಂಟರ್ನೆಟ್ಟಿಗೆ ಬಂದ ತಕ್ಷಣ ಒಳ್ಳೆಯವರೂ ಕೆಟ್ಟವರಾಗುತ್ತಾರೆ ಎಂಬ ನಂಬಿಕೆ ಇದೆಯಲ್ಲ, ಅದಕ್ಕೆ ಅವರಿಗೆ ಹೆಚ್ಚು ಆಧಾರ ಸಿಗಲಿಲ್ಲ. ರಾಜಕೀಯದ ಮಾತಿನಲ್ಲಿ ಆನ್‌ಲೈನಲ್ಲಿ ಮೇಲೆ ಬೀಳುವವರು ಎದುರಾ ಎದುರು ಕೂತಾಗಲೂ ಹಾಗೇ ಆಡುತ್ತಾರೆ. ಎದುರಿಗೆ ಆಡಿದ್ದು ಅಲ್ಲಿದ್ದ ನಾಲ್ಕು ಜನಕ್ಕೆ ಕೇಳುತ್ತದೆ. ಇಲ್ಲಿ ಆಡಿದ್ದು ಎಲ್ಲರಿಗೂ ಕಾಣುತ್ತದೆ, ಅಷ್ಟೆ. ಅಂದರೆ ಕಾಮೆಂಟು ನೋಡಿ ‘ಜನರೇ ಹೀಗಾಗಿಬಿಟ್ಟರು’ ಎಂದು ಕೈಚೆಲ್ಲಬೇಕಾಗಿಲ್ಲ. ಬಹಳಷ್ಟು ಜನ ಸುಮ್ನೆ ಓದುತ್ತಿದ್ದಾರೆ. ಅವರು ನನಗೆ ಮುಖ್ಯ.

ಹಾಗಾದರೆ ನಿಜವಾದ ಮನುಷ್ಯರೊಬ್ಬರು ಸಿಟ್ಟಿನಲ್ಲಿ ಬಂದಾಗ ಏನು ಮಾಡುತ್ತೇನೆ? ಒಂದು ಮಾತುಕತೆಯನ್ನು ನಡೆದ ಹಾಗೇ ಹೇಳುತ್ತೇನೆ. ಶಾಲೆಗಳಿಗೆ ಎಂದು ಬಜೆಟ್ಟಿನಲ್ಲಿ ಇಟ್ಟ ಹಣದಲ್ಲಿ ಒಂದಷ್ಟು ಖರ್ಚೇ ಆಗದೆ ಉಳಿದಿದೆ ಎಂದು ಲೆಕ್ಕದ ಸಮೇತ ಬರೆದಿದ್ದೆ. ಒಬ್ಬರು ಬಂದು ಬರೆದರು: ‘ಇದನ್ನ ಬರೆಯೋಕೆ ನಿನಗೆ ಎಷ್ಟು ಕೊಟ್ಟಿದಾರೆ?’

ನಾನು ಬರೆದೆ: ‘ಯಾರೂ ಕೊಟ್ಟಿಲ್ಲ ಸರ್. ಲೆಕ್ಕ ಸರ್ಕಾರದ ದಾಖಲೆಯಿಂದಲೇ ತೆಗೆದದ್ದು. ಲಿಂಕ್ ಪೋಸ್ಟಿನಲ್ಲಿದೆ.’

‘ಹಿಂದಿನ ಸರ್ಕಾರ ಇದ್ದಾಗ ಎಲ್ಲಿ ಮಲಗಿದ್ದೆ?’

ಈ ಪ್ರಶ್ನೆ ಎಲ್ಲ ಕಡೆಯವರೂ ಕೇಳುತ್ತಾರೆ. ಇದಕ್ಕೆ ಜನ ಸಾಮಾನ್ಯವಾಗಿ ತಮ್ಮ ಹಳೆಯ ಪೋಸ್ಟ್ ಹುಡುಕಿ ಸಾಕ್ಷಿ ಕೊಡಲು ಹೋಗುತ್ತಾರೆ. ಅಲ್ಲಿಗೆ ವಿಷಯ ತಪ್ಪುತ್ತದೆ. ಚರ್ಚೆ ನನ್ನ ಮೇಲೆ ತಿರುಗುತ್ತದೆ, ಶಾಲೆ ಮರೆತುಹೋಗುತ್ತದೆ. ಅವರ ಮಾತಿನಲ್ಲಿ ಸತ್ಯವಿರುವಷ್ಟನ್ನು ನಾನು ಒಪ್ಪಿ ಮುಂದೆ ಹೋಗುತ್ತೇನೆ. ಹಾಗೇ ಬರೆದೆ: ‘ಆಗಲೂ ಹಣ ಉಳಿದಿತ್ತು. ಅದೂ ತಪ್ಪೇ. ನಿಮ್ಮ ಕಡೆ ಶಾಲೆಗಳ ಪರಿಸ್ಥಿತಿ ಹೇಗಿದೆ?’

ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು: ‘ನನ್ನ ಮಗಳ ಶಾಲೇಲಿ ಗಣಿತಕ್ಕೆ ಟೀಚರೇ ಇಲ್ಲ. ನಿಮ್ಮ ಲೆಕ್ಕದಲ್ಲಿ ಅದು ಎಲ್ಲಿದೆ?’

‘ನಿನಗೆ’ ಹೋಗಿ ‘ನಿಮ್ಮ’ ಬಂದಿತ್ತು. ಕೇಳಿದ್ದೂ ಒಳ್ಳೆಯ ಪ್ರಶ್ನೆ. ಸಂಬಳದ ಹಣ ಯಾವ ಶೀರ್ಷಿಕೆಯಲ್ಲಿ ಬರುತ್ತದೆ, ಹುದ್ದೆ ಖಾಲಿ ಇದ್ದಾಗ ಆ ಹಣ ಹೇಗೆ ಉಳಿಯುತ್ತದೆ ಎಂದು ಬರೆದೆ. ಅವರು ಪಕ್ಷ ಬದಲಾಯಿಸಲಿಲ್ಲ. ಇವತ್ತಿಗೂ ನನ್ನ ಪೋಸ್ಟುಗಳನ್ನು ಒಪ್ಪುವುದಿಲ್ಲ. ಆದರೆ ಆ ಚರ್ಚೆಯಲ್ಲಿ ಇನ್ನೂ ಎಷ್ಟೋ ತಂದೆತಾಯಂದಿರು ಬಂದು ತಮ್ಮ ಮಕ್ಕಳ ಶಾಲೆಯ ಬಗ್ಗೆ ಬರೆದರು. ನನಗೆ ಬೇಕಾಗಿದ್ದದ್ದು ಅದೇ.

‘ನಿಮ್ಮ ಕಡೆ ಹೇಗಿದೆ?’ ಎಂಬ ಪ್ರಶ್ನೆಯ ಜೊತೆ ಇನ್ನೊಂದು ಪ್ರಶ್ನೆಯೂ ನನಗೆ ಬಹಳ ಉಪಯೋಗಕ್ಕೆ ಬಂದಿದೆ: ‘ಅದು ಹೇಗೆ ನಡೆಯುತ್ತೆ?’ ‘ಈ ಕಾನೂನು ಯಾಕೆ ಬೇಕು’ ಎಂದು ಕೇಳಿದರೆ ಘೋಷಣೆಗಳು ಬರುತ್ತವೆ. ‘ಜಾರಿಗೆ ಬಂದ ಮೊದಲ ದಿನ ಯಾವ ಕಚೇರಿಯಲ್ಲಿ ಯಾರು ಏನು ಮಾಡಬೇಕಾಗುತ್ತೆ’ ಎಂದು ಕೇಳಿದರೆ ಇಬ್ಬರೂ ಯೋಚನೆ ಮಾಡಬೇಕಾಗುತ್ತದೆ. ಯೇಲ್ ವಿಶ್ವವಿದ್ಯಾಲಯದ ರೋಜೆನ್‌ಬ್ಲಿಟ್ ಮತ್ತು ಕೈಲ್ 2002ರಲ್ಲಿ ಇದನ್ನು ಜಿಪ್, ಶೌಚಾಲಯದ ಫ್ಲಶ್‌ನಂಥ ವಸ್ತುಗಳನ್ನಿಟ್ಟು ತೋರಿಸಿದ್ದರು. ಗೊತ್ತು ಎಂದುಕೊಂಡವರಿಗೆ ಹಂತ ಹಂತವಾಗಿ ವಿವರಿಸಲು ಹೇಳಿದಾಗ, ತಮ್ಮ ತಿಳಿವಳಿಕೆಗೆ ಮೊದಲು ತಾವೇ ಕೊಟ್ಟುಕೊಂಡಿದ್ದ ಅಂಕವನ್ನು ಅವರೇ ಇಳಿಸಿಕೊಂಡರು. ಆದರೆ ಈ ಪ್ರಶ್ನೆಯನ್ನು ಸಿಕ್ಕಿಹಾಕಿಸಲು ಕೇಳಬಾರದು. ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಬೇಕು, ಬಂದ ಉತ್ತರವನ್ನು ಪೂರ್ತಿ ಓದಬೇಕು.

ಕೊಂಕು ನುಡಿಯುವುದನ್ನು, ಎದುರಿನವರನ್ನು ನಗೆಪಾಟಲು ಮಾಡುವುದನ್ನು ನಾನು ಇಟ್ಟುಕೊಂಡಿಲ್ಲ. ಲೈಕು ಜಾಸ್ತಿ ಬರುತ್ತದೆ ನಿಜ. ಆದರೆ ಬೈದವರ ಗೆಳೆಯರೂ ಅದನ್ನು ಓದುತ್ತಿರುತ್ತಾರೆ, ಅವರೆಲ್ಲ ಒಟ್ಟಿಗೆ ದೂರವಾಗುತ್ತಾರೆ. ಸ್ವಿಟ್ಜರ್‌ಲೆಂಡಿನ ಸಂಶೋಧಕರು 2021ರಲ್ಲಿ ಟ್ವಿಟರಿನ ದ್ವೇಷದ ಪೋಸ್ಟುಗಳಿಗೆ ಮೂರು ಬಗೆಯ ಉತ್ತರ ಕೊಟ್ಟು ನೋಡಿದರು: ತಮಾಷೆ, ‘ಇದನ್ನು ನಿಮ್ಮ ಮನೆಯವರೂ ನೋಡುತ್ತಾರೆ’ ಎಂಬಂಥ ಎಚ್ಚರಿಕೆ, ಮತ್ತು ನೊಂದವರ ಜಾಗದಲ್ಲಿ ನಿಂತು ನೋಡಿ ಎಂಬ ಮಾತು. ಪರಿಣಾಮ ಬೀರಿದ್ದು ಕೊನೆಯದು ಮಾತ್ರ. ಅದೂ ಸಣ್ಣ ಪರಿಣಾಮವೇ. ಕೆಲವರು ತಮ್ಮ ಪೋಸ್ಟ್ ಅಳಿಸಿದರು, ಮುಂದೆ ಅಂಥದ್ದನ್ನು ಬರೆಯುವುದು ಸ್ವಲ್ಪ ಕಡಿಮೆಯಾಯಿತು.

ಮನೆಯವರು, ನೆಂಟರು ಇರುವ ವಾಟ್ಸಾಪ್ ಗುಂಪಿನ ಕಥೆಯೇ ಬೇರೆ. ಅಲ್ಲಿ ಎಲ್ಲರೂ ನಮ್ಮವರೇ. ನನ್ನ ನಿಯಮ ಒಂದೇ: ಗುಂಪಿನಲ್ಲಿ ಯಾರನ್ನೂ ತಿದ್ದುವುದಿಲ್ಲ. ಎಲ್ಲರೆದುರು ತಿದ್ದಿದರೆ ಹಿರಿಯರಿಗೆ ಮುಖಭಂಗವಾಗುತ್ತದೆ, ಆಮೇಲೆ ಅವರು ತಾವು ಹಾಕಿದ್ದನ್ನಲ್ಲ, ಮಾನವನ್ನು ಕಾಪಾಡಿಕೊಳ್ಳಲು ಹೊರಡುತ್ತಾರೆ. ಒಮ್ಮೆ ಮಾವ ಒಂದು ಫೋಟೊ ಹಾಕಿದರು. ಪೊಲೀಸರು ಹುಡುಗರಿಗೆ ಹೊಡೆಯುತ್ತಿದ್ದಾರೆ, ಕೆಳಗೆ ‘ನಿನ್ನೆ ನಡೆದದ್ದು, ಟಿವಿಯವರು ತೋರಿಸುವುದಿಲ್ಲ’ ಎಂಬ ಸಾಲು. ಮೇಲೆ ಜೋಡಿ ಬಾಣದ ಗುರುತು. ಆ ಗುರುತು ಇದ್ದರೆ ಅದು ಕನಿಷ್ಠ ಐದು ಚಾಟ್ ದಾಟಿ ಬಂದಿದೆ ಎಂದರ್ಥ. ಅಂಥ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಆಗುವ ಹಾಗೆ ವಾಟ್ಸಾಪ್ 2020ರ ಏಪ್ರಿಲ್‌ನಲ್ಲಿ ಕಟ್ಟು ಹಾಕಿತು. ಅವು ಶೇ. 70ರಷ್ಟು ಕಡಿಮೆಯಾದವು ಎಂದು ಕಂಪನಿಯೇ ಹೇಳಿತ್ತು.

ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಹಿಂದಿನ ಅಂಗಡಿಯ ಬೋರ್ಡಿನ ಲಿಪಿ ನಾವು ಓದುವ ಯಾವ ಲಿಪಿಯೂ ಅಲ್ಲ. ಪೊಲೀಸರ ಭುಜದ ಪಟ್ಟಿಯೂ ಬೇರೆ. ಒಂದು ಚಿತ್ರ ಇಂಟರ್ನೆಟ್ಟಿನಲ್ಲಿ ಬೇರೆ ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿದೆ, ಆಮೇಲೆ ಅಂಥದ್ದೇ ಇನ್ನೊಂದು ತಾಣವಾದ ಟಿನ್‌ಐಗೆ. ಟಿನ್‌ಐನಲ್ಲಿ ಅತಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು, ಅದು ಬಹಳ ಅನುಕೂಲ. ಬೇರೆ ದೇಶದ, ವರ್ಷಗಳ ಹಿಂದಿನ ಸುದ್ದಿಯ ಚಿತ್ರ ಅದು. ಮಾವನಿಗೆ ಪ್ರತ್ಯೇಕವಾಗಿ ಬರೆದೆ: ‘ಮಾವ, ನೀವು ಹಾಕಿದ ಫೋಟೊ ನೋಡಿ ನನಗೂ ಗಾಬರಿ ಆಯ್ತು. ಎಲ್ಲಿಯದು ಅಂತ ಹುಡುಕಿದೆ. ಬೇರೆ ದೇಶದ್ದು, ಹಳೇದು. ಲಿಂಕ್ ಕಳಿಸಿದೀನಿ, ನೀವೇ ಒಂದ್ಸಲ ನೋಡಿ.’

‘ಫೋಟೊ ಹಳೇದಿರಬಹುದು ಕಣೋ, ವಿಷಯ ನಿಜ ತಾನೆ?’ ಎಂದರು.

ಇದಕ್ಕೆ ಬರೆದು ಉತ್ತರಿಸಲಿಲ್ಲ, ಫೋನ್ ಮಾಡಿದೆ. ಭಿನ್ನಾಭಿಪ್ರಾಯದ ಮಾತನ್ನು ಅಕ್ಷರದಲ್ಲಿ ಓದಿದಾಗ ಹೇಳಿದವರು ಮೂರ್ಖರಂತೆ ಕಾಣುವುದು ಜಾಸ್ತಿ, ದನಿಯಲ್ಲಿ ಕೇಳಿದಾಗ ಕಡಿಮೆ. ಶ್ರೋಡರ್, ಕಾರ್ಡಸ್ ಮತ್ತು ಎಪ್ಲಿ ಎಂಬ ಸಂಶೋಧಕರು 2017ರಲ್ಲಿ ಪ್ರಯೋಗಗಳಲ್ಲಿ ಕಂಡದ್ದು ಇದನ್ನೇ. ‘ವಿಷಯ ನಿಜ ಇದ್ರೆ ಅದರದ್ದೇ ಫೋಟೊ ಇರುತ್ತೆ ಮಾವ. ಸಿಕ್ಕರೆ ನಾನೇ ಹಂಚ್ತೀನಿ. ಸುಳ್ಳು ಫೋಟೊ ಇಟ್ಕೊಂಡು ಹೇಳಿದ್ರೆ ನಿಮ್ಮ ನಿಜಾನೂ ಯಾರೂ ನಂಬಲ್ಲ’ ಎಂದೆ. ಅವರು ಆ ಮಾತಿಗೆ ಹೂಂ ಎನ್ನದೆ ಆರೋಗ್ಯ, ಮಕ್ಕಳ ಓದು ಎಂದು ಬೇರೆ ಮಾತಿಗೆ ಹೋದರು. ಸಂಜೆಗೆ ಗುಂಪಿನಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದು ಕಂಡಿತು. ಎಲ್ಲರಿಗೂ ಅಳಿಸಲು ಎರಡು ದಿನ 12 ಗಂಟೆಗಳವರೆಗೆ ಮಾತ್ರ ಅವಕಾಶ. ಹಾಗಾಗಿ ಇಂಥದ್ದನ್ನು ನಾಳೆ ನೋಡೋಣ ಎಂದು ಮುಂದೂಡುವುದಿಲ್ಲ.

ಮಾವನ ಓಟು ಬದಲಾಗಿಲ್ಲ. ಬದಲಾಗಲಿ ಎಂದು ನಾನು ಫೋನ್ ಮಾಡಿರಲೂ ಇಲ್ಲ. ಸತ್ಯ ಹೇಳಿದರೆ ಜನ ಇನ್ನೂ ಬಿಗಿಯಾಗುತ್ತಾರೆ ಎಂಬ ಹೆದರಿಕೆ 2010ರ ಒಂದು ಅಧ್ಯಯನದಿಂದ ಎಲ್ಲೆಡೆ ಹರಡಿತ್ತು. ವುಡ್ ಮತ್ತು ಪೋರ್ಟರ್ ಎಂಬ ಸಂಶೋಧಕರು 10,000ಕ್ಕೂ ಹೆಚ್ಚು ಜನರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಗೆ ಕಾಣಲಿಲ್ಲ. ತಮ್ಮ ಪಕ್ಷಕ್ಕೆ ಹಿಡಿಸದ ಮಾಹಿತಿಯನ್ನೂ ಜನ ಬಹುಮಟ್ಟಿಗೆ ಸ್ವೀಕರಿಸುತ್ತಾರೆ. ನಾಯಕರ ಮೇಲಿನ ಅಭಿಮಾನ ಅಷ್ಟರಿಂದ ಕರಗುವುದಿಲ್ಲ, ಅದು ಬೇರೆ ಮಾತು. ಒಂದು ಸುಳ್ಳು ಹರಡುವುದು ನಿಂತಿತು ಅಂದರೆ ನನಗೆ ಅಷ್ಟು ಸಾಕು.

ಬೆದರಿಕೆಯ ಜೊತೆ ಮಾತ್ರ ಯಾವ ಮಾತುಕತೆಯೂ ಇಲ್ಲ. ರಾಜಕೀಯ ಬರೆಯುವ ಹೆಂಗಸರಿಗೆ ಬರುವ ಮೆಸೇಜುಗಳನ್ನು ಗೆಳತಿಯರು ನನಗೆ ತೋರಿಸಿದ್ದಾರೆ. ಅದನ್ನು ‘ಭಿನ್ನಾಭಿಪ್ರಾಯ’ ಎಂದು ಕರೆಯುವವರ ಮೇಲೆ ನನಗೆ ಸಿಟ್ಟಿದೆ. ಆ ಗೆಳತಿಯರಿಗೆ ನಾನು ಹೇಳುವುದು ಇಷ್ಟು. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಖಾತೆಯ ಹೆಸರು, ದಿನ, ಸಮಯ ಕಾಣಬೇಕು, ಪ್ರೊಫೈಲಿನ ಲಿಂಕನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ರಿಪೋರ್ಟ್, ಕೊನೆಗೆ ಬ್ಲಾಕ್. ಮೊದಲೇ ಬ್ಲಾಕ್ ಮಾಡಿದರೆ ಸಾಕ್ಷಿ ಕೈತಪ್ಪಬಹುದು. ಕೊಲೆ, ಅತ್ಯಾಚಾರದ ಬೆದರಿಕೆ ಬಂದರೆ ಅಥವಾ ಮನೆ ವಿಳಾಸ ಹಾಕಿದರೆ ಅದನ್ನು ನೋಡಬೇಕಾದದ್ದು ಪೊಲೀಸರು. ದೂರು ಕೊಡಲು ಹೋಗುವಾಗ ಜೊತೆಗೆ ಒಬ್ಬರು ಇರಲಿ. ಆ ದಿನಗಳಲ್ಲಿ ಅವರ ಇನ್‌ಬಾಕ್ಸನ್ನು ನಂಬಿಕೆಯ ಬೇರೊಬ್ಬರು ನೋಡಿಕೊಂಡರೆ ಎಷ್ಟೋ ಹಗುರ.

ಬೆದರಿಕೆ ಇಲ್ಲದ, ಬರೀ ತಲೆತಿನ್ನುವವರಿಗೆ ಮ್ಯೂಟ್ ಸಾಕು. ಮ್ಯೂಟ್ ಮಾಡಿದ್ದು ಅವರಿಗೆ ಗೊತ್ತಾಗುವುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ 2019ರಿಂದ ‘ರಿಸ್ಟ್ರಿಕ್ಟ್’ ಇದೆ, ಹಾಗೆ ಮಾಡಿದವರ ಕಾಮೆಂಟು ನಾವು ಒಪ್ಪುವವರೆಗೆ ಅವರಿಗೇ ಕಾಣುತ್ತಿರುತ್ತದೆ, ಉಳಿದವರಿಗಲ್ಲ. ಎಕ್ಸ್‌ನಲ್ಲಿ 2020ರಿಂದ ಯಾರು ಉತ್ತರಿಸಬಹುದು ಎಂದು ನಾವೇ ಆರಿಸಬಹುದು. ಚುನಾವಣೆ ಹತ್ತಿರವಾದಾಗ ಇದೆಲ್ಲ ಬೇಕಾಗುತ್ತದೆ. ನೋಟಿಫಿಕೇಶನ್ ನಾನು ವರ್ಷವಿಡೀ ಆಫ್ ಇಟ್ಟಿರುತ್ತೇನೆ. ಕಾಮೆಂಟು ನೋಡುವುದು ಬೆಳಿಗ್ಗೆ, ನಿದ್ದೆ ಮುಗಿಸಿದ ಮೇಲೆ.

ಪ್ರತಿ ಪೋಸ್ಟಿನ ಕೊನೆಗೆ ಒಂದು ಸಾಲು ಹಾಕುತ್ತೇನೆ: ‘ಅಂಕಿ ತಪ್ಪಿದ್ದರೆ ಮೂಲದ ಸಮೇತ ತೋರಿಸಿ, ತಿದ್ದುತ್ತೇನೆ. ಇಲ್ಲಿ ಬೇರೆ ಓದುಗರನ್ನು ಬೈದರೆ ಕಾಮೆಂಟು ತೆಗೆಯುತ್ತೇನೆ.’ ಅದರಂತೆ ತೆಗೆಯುತ್ತೇನೆ ಕೂಡ, ನನ್ನ ಪರ ಬೈದವರದನ್ನೂ. ಒಬ್ಬರಿದ್ದಾರೆ, ನನ್ನ ಬಹುತೇಕ ಪೋಸ್ಟುಗಳಿಗೆ ವಿರೋಧ ಬರೆಯುತ್ತಾರೆ, ಬಜೆಟ್ ಪುಸ್ತಕದ ಪುಟಸಂಖ್ಯೆ ಕೊಟ್ಟು. ಬೆಳಿಗ್ಗೆ ನಾನು ಮೊದಲು ಉತ್ತರಿಸುವುದು ಅವರಿಗೆ.