ಬಾವಿ ಹೋಗಿ ನೈರುತ್ಯಕ್ಕೆ ಕೂತಿತ್ತು

ಮುಧೋಳದ ಕಡೆ ಒಂದು ಕಬ್ಬಿನ ಹೊಲ. ಉತಾರದಲ್ಲಿ (ಪಹಣಿಯಲ್ಲಿ) 4 ಎಕರೆ 10 ಗುಂಟೆ. ಸರ್ವೆಗೆ ಟೋಟಲ್ ಸ್ಟೇಷನ್ (ಕೋನ, ದೂರ ಎರಡನ್ನೂ ಅಳೆಯುವ ಯಂತ್ರ) ಇಟ್ಟು 46 ಪಾಯಿಂಟ್ ತಗೊಂಡು ಸಂಜೆ ಬಾಗಲಕೋಟೆಗೆ ಬಂದೆ. ರಾತ್ರಿಯೇ ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೊಕ್ಯಾಡ್‌ಗೆ ಹಾಕಿ ಬದುವಿನ ಗೆರೆ ಎಳೆದೆ. ವಿಸ್ತೀರ್ಣ 17,200 ಚದರ ಮೀಟರ್ ಆಸುಪಾಸು ಬಂತು. ಗುಂಟೆಗೆ ಸುಮಾರು 101 ಚದರ ಮೀಟರ್ ಹಿಡಿದರೆ ಉತಾರಕ್ಕೆ ಸರಿ. ಖುಷಿಯಿಂದ ಪ್ರಿಂಟ್ ತೆಗೆದೆ.

ಮರುದಿನ ಹೊಲದ ಯಜಮಾನರು ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಸರ್ರ, ರಸ್ತೆ ನಮ್ಮ ಹೊಲದ ಪೂರ್ವಕ್ಕೈತ್ರಿ. ನೀವು ಉತ್ತರಕ್ಕ ಹಾಕೀರಲ್ಲ?"

ಬ್ಯಾಕ್‌ಸೈಟ್, ಅಂದರೆ ಯಂತ್ರಕ್ಕೆ ಮೊದಲು ದಿಕ್ಕು ಕೊಡುವ ನೋಟ, ತಪ್ಪಿರಬೇಕು ಅಂದುಕೊಂಡೆ. ಕರ್ಸರನ್ನು ಹತ್ತಿರದ ಪಾಯಿಂಟಿಗೆ ಅಂಟಿಸುವ ನೋಡ್ ಸ್ನ್ಯಾಪ್ ಆನ್ ಮಾಡಿ, ಇಡೀ ಹೊಲವನ್ನು 90 ಡಿಗ್ರಿ ತಿರುಗಿಸಿದೆ. ರಸ್ತೆ ಪೂರ್ವಕ್ಕೆ ಬಂತು. ಆದರೆ ವಾಯವ್ಯದಲ್ಲಿ ಇರಬೇಕಾದ ಬಾವಿ ನೈರುತ್ಯಕ್ಕೆ ಹೋಗಿ ಕೂತಿತು! ಬಾವಿ ಸರಿಮಾಡಿದರೆ ರಸ್ತೆ ತಪ್ಪುತ್ತೆ. ವಾಸ್ತು ನೋಡುವವರಿಗೆ ತೋರಿಸಿದ್ದರೆ ನನ್ನ ಗತಿ ಏನು ಅಂತ ನಗು ಬಂತು.

ಎಷ್ಟು ತಿರುಗಿಸಿದರೂ ಕೂರದೇ ಇದ್ದಾಗ ಹೊಳೆಯಿತು. ಇದು ತಿರುಗಿದ ಹೊಲ ಅಲ್ಲ, ಕನ್ನಡಿಯೊಳಗಿನ ಹೊಲ. ಫೈಲ್ ತೆರೆದು ಬಾವಿಯ ಸಾಲು ನೋಡಿದೆ: 17, 1142.318, 931.406. ಇನ್‌ಸ್ಟ್ರುಮೆಂಟ್ ಕೊಟ್ಟಿದ್ದು ನಂಬರ್, ನಾರ್ದಿಂಗ್ (ಉತ್ತರ ದಿಕ್ಕಿನ ಅಳತೆ), ಈಸ್ಟಿಂಗ್ (ಪೂರ್ವ ದಿಕ್ಕಿನ ಅಳತೆ). ಆಟೊಕ್ಯಾಡ್‌ಗೆ ಮೊದಲು ಎಕ್ಸ್ ಬೇಕು, ಅಂದರೆ ಈಸ್ಟಿಂಗ್. ಎಕ್ಸೆಲ್‌ನಲ್ಲಿ ಸ್ಕ್ರಿಪ್ಟ್ (ಆಟೊಕ್ಯಾಡ್ ತಾನೇ ಓದಿ ಪಾಯಿಂಟ್ ಹಾಕುವ ಕಮಾಂಡುಗಳ ಪಟ್ಟಿ) ಮಾಡುವಾಗ ನಾನು ಕಾಲಂ ಅದಲುಬದಲು ಮಾಡಿರಲಿಲ್ಲ. ಕನ್ನಡಿಯಲ್ಲಿ ಅಳತೆ ಬದಲಾಗಲ್ಲ, ವಿಸ್ತೀರ್ಣವೂ ಬದಲಾಗಲ್ಲ. ನಾನು ಮೋಸ ಹೋಗಿದ್ದೇ ಅಲ್ಲಿ. ಉಪಗ್ರಹದ ನೆರವಿನಿಂದ ಅಳೆಯುವ ಡಿಜಿಪಿಎಸ್ ಕೆಲಸವಾಗಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಯುಟಿಎಂ ಅನ್ನುವ ಜಾಗತಿಕ ನಕ್ಷೆ ಪದ್ಧತಿಯಲ್ಲಿ ನಮ್ಮ ಕಡೆ 43ನೇ ವಲಯ, ಈಸ್ಟಿಂಗ್ ಆರಂಕಿ, ನಾರ್ದಿಂಗ್ ಏಳಂಕಿ. ನನ್ನ ಹಾಗೆ ಯಂತ್ರ ನಿಂತ ಜಾಗಕ್ಕೆ ಸುಮ್ನೆ 1000, 1000 ಕೊಟ್ಟರೆ ಎರಡೂ ಒಂದೇ ಥರ ಕಾಣುತ್ತವೆ ಅಲ್ವಾ?

ಕಾಲಂ ಸರಿಮಾಡಿ, ಹಳೇದನ್ನು ಅಳಿಸಿ, ಮತ್ತೆ ಸ್ಕ್ರಿಪ್ಟ್ ಓಡಿಸಿದೆ. ರಸ್ತೆ ಸರಿ, ಬಾವಿ ಸರಿ. ಆದರೆ ಬದುವಿನ ಒಂದು ಬಳುಕು ಮಾಯ. ಎಣಿಸಿದರೆ ಕಣ್ಣಿಗೆ ಕಂಡಿದ್ದು 41 ಪಾಯಿಂಟ್. ಸೆಲೆಕ್ಟ್ ಮಾಡಿದರೆ 46! ಐದು ಪಾಯಿಂಟ್ ಪಕ್ಕದವುಗಳ ತಲೆ ಮೇಲೆ ಕೂತಿದ್ದವು. ಝೂಮ್ ಬದಲಿಸಿ ಮತ್ತೆ ಓಡಿಸಿದೆ. ಈ ಸಲ ಬೇರೆಯವು ಅಂಟಿಕೊಂಡವು. ದೆವ್ವ ಹೊಕ್ಕಂತಿತ್ತು.

ಆಗ ನೆನಪಾಯಿತು, ಬೆಳಿಗ್ಗೆ ಆನ್ ಮಾಡಿದ ನೋಡ್ ಸ್ನ್ಯಾಪ್ ಹಾಗೇ ಇತ್ತು. ನಾವು ಕೀಬೋರ್ಡಿನಲ್ಲಿ ಬರೆದ ಅಂಕಿಯನ್ನು ಆಟೊಕ್ಯಾಡ್ ಹಾಗೇ ಇಟ್ಟುಕೊಳ್ಳುತ್ತೆ. ಸ್ಕ್ರಿಪ್ಟಿನಿಂದ ಬಂದ ಅಂಕಿಗೆ ಆ ಮರ್ಯಾದೆ ಇಲ್ಲ. ಪರದೆ ಮೇಲೆ ಹತ್ತಿರ ಕಂಡ ಪಾಯಿಂಟ್‌ಗೆ ಎಳೆದು ಕೂರಿಸುತ್ತೆ. ಓಸ್ನ್ಯಾಪ್‌ಕೋರ್ಡ್ ಅನ್ನುವ ವೇರಿಯಬಲ್ ಮೊದಲಿನಿಂದಲೇ 2 ಇರುತ್ತೆ, ಅದಕ್ಕೇ ಹೀಗೆ. 1 ಮಾಡಿದರೆ ಸ್ಕ್ರಿಪ್ಟಿನ ಅಂಕಿಗೂ ಅದೇ ಮರ್ಯಾದೆ. ಇಲ್ಲವೇ ಸುಮ್ನೆ ಎಫ್3 ಒತ್ತಿ ಸ್ನ್ಯಾಪ್ ಆಫ್ ಮಾಡಬಹುದು. ನಾನು ಎರಡನ್ನೂ ಮಾಡಿದೆ, ಸಿಟ್ಟು ಜಾಸ್ತಿ ಇತ್ತು.

46ಕ್ಕೆ 46 ಬಂದವು. ಪಾಯಿಂಟಿನ ಅಂಕಿ ತೋರಿಸುವ ಐಡಿ ಕಮಾಂಡ್ ಕೊಟ್ಟು ಬಾವಿ ಮುಟ್ಟಿದೆ: ಎಕ್ಸ್ 931.406, ವೈ 1142.318. ಹೊಸ ಹಾಳೆ ಕೊಟ್ಟಾಗ ಯಜಮಾನರು ವಿಸ್ತೀರ್ಣ ಕೇಳಲೇ ಇಲ್ಲ. ಬೆರಳಿಟ್ಟು ಮೊದಲು ಹುಡುಕಿದ್ದು ಬಾವಿಯನ್ನೇ.