ಸೂಜಿ ಬಿಟ್ಟು ಸೀರಿಯಲ್ ಕೇಬಲ್ ಹಿಡಿದೆ: ನನ್ನ ಅನುಭವ

ರಕ್ತ ಪರೀಕ್ಷೆ ಮೆಷಿನ್ನಿಗೆ ಸೀರಿಯಲ್ ಕೇಬಲ್ (ಡೇಟಾ ಸಾಗಿಸೋ ವೈರ್) ಹಾಕಿ, ರಿಸಲ್ಟ್ ನೇರ ಕಂಪ್ಯೂಟರಿಗೆ ಬರೋ ಹಾಗೆ ಮಾಡೋದೇ ಈಗ ನನ್ನ ಕೆಲಸ. ಹೋದ ತಿಂಗಳು ಹರಿಹರದ ಒಂದು ಲ್ಯಾಬ್‌ನಲ್ಲಿ ಐದನೇ ಮೆಷಿನ್ನೂ ಕಂಪ್ಯೂಟರ್ ಜೊತೆ ಮಾತಾಡಿತು. ಅಲ್ಲಿನ ಡಾಕ್ಟರು ಎರಡು ಸಲ ಪರದೆ ನೋಡಿ, "ಇನ್ಮೇಲೆ ಟೈಪ್ ಮಾಡೋದೇ ಬೇಡ್ವೇನ್ರೀ?" ಅಂದರು. ಬೇಡ ಸಾರ್ ಅಂದೆ.

ನಾನು ಡಿಎಂಎಲ್‌ಟಿ, ಅಂದರೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದಿದವನು. ದಾವಣಗೆರೆಯಲ್ಲಿ ಹನ್ನೊಂದು ವರ್ಷ ಟೆಕ್ನಿಷಿಯನ್ ಆಗಿದ್ದೆ. ಕೊನೆಗೆ ಕೈಗೆ ಸಿಗುತ್ತಿದ್ದದ್ದು 19 ಸಾವಿರ ಚಿಲ್ಲರೆ. ಒಂದು ನೈಟ್ ಡ್ಯೂಟಿಯಲ್ಲಿ ಕಿಡ್ನಿ ಸ್ಥಿತಿ ಹೇಳೋ ಕ್ರಿಯಾಟಿನಿನ್ 1.4 ಅನ್ನು 14 ಅಂತ ಟೈಪ್ ಮಾಡಿಬಿಟ್ಟೆ. ವಾರ್ಡಿನಿಂದ ಫೋನ್ ಬಂದದ್ದಕ್ಕೆ ಬಚಾವ್. ಮೆಷಿನ್ ಸರಿಯಾಗೇ ಹೇಳಿತ್ತು, ಚುಕ್ಕೆ ನುಂಗಿದ್ದು ನನ್ನ ಬೆರಳು. ಅವತ್ತೇ ಮೆಷಿನ್ ಹಿಂದಿನ ಪೋರ್ಟ್ ಕಡೆ ಕಣ್ಣು ಹೋದದ್ದು.

ಎಲ್ಲರೂ ಮೆಡಿಕಲ್ ಕೋಡಿಂಗ್ ಕಲಿ ಅಂದರು. 30 ಸಾವಿರ ಸುರಿದು ಕ್ಲಾಸ್ ಸೇರಿದೆ. ದಿನವಿಡೀ ಪೇಷಂಟ್ ದಾಖಲೆ ನೋಡಿ ಒಂದೊಂದು ರೋಗಕ್ಕೂ ಐಸಿಡಿ-10 ಪಟ್ಟಿಯ ಕೋಡು ಹುಡುಕುತ್ತಾ ಕೂರೋದು ನನ್ನ ಜಾಯಮಾನ ಅಲ್ಲ. ದುಡ್ಡು ಹೋಯಿತು. "ಕಲಿತ ಕೆಲಸ ನೆಟ್ಟಗೆ ಮಾಡಪ್ಪಾ, ವೈರ್ ಹಿಡ್ಕೊಂಡು ಏನ್ಮಾಡ್ತೀಯ?" ಅಂತ ಮಾವ ಬೇರೆ.

ಮೊದಲ ಪ್ರಯೋಗ ರಕ್ತಕಣ ಎಣಿಸೋ ಹಳೇ ಸಿಬಿಸಿ ಮೆಷಿನ್ ಮೇಲೆ. ಪೈಥಾನ್‌ನಲ್ಲಿ ನಲವತ್ತು ಸಾಲು ಪ್ರೋಗ್ರಾಂ ಬರೆದು ಕೂತೆ. ಮೂರು ವಾರ ಒಂದಕ್ಷರ ಬರಲಿಲ್ಲ. ಕೇಬಲ್ಲಿನ 2 ಮತ್ತು 3ನೇ ಪಿನ್ ಅದಲುಬದಲಾಗಿರಬೇಕಿತ್ತು, ನನ್ನದು ನೇರ ಕೇಬಲ್. ಅದಾದ ಮೇಲೆ ಇನ್ನೂರೈವತ್ತರ ಯುಎಸ್‌ಬಿ ಕನ್ವರ್ಟರ್ ಅರ್ಧ ಗಂಟೆಗೊಮ್ಮೆ ಸಾಯುತ್ತಿತ್ತು. ಸಾವಿರದ ಚಿಲ್ಲರೆಯದು ತಂದೆ. ಆಗ ಮೆಷಿನ್ ಇಎನ್‌ಕ್ಯೂ (ಕಳಿಸಲಾ?) ಅಂತ ಬಾಗಿಲು ತಟ್ಟಿತು, ನಾನು ಎಸಿಕೆ (ಸರಿ) ಅಂದೆ, ಫ್ರೇಮ್, ಅಂದರೆ ಡೇಟಾದ ಒಂದು ಕಂತು ಬಂತು. ಫ್ರೇಮಿನ ಅಕ್ಷರಗಳನ್ನು ಕೂಡಿ ತಪ್ಪು ಹಿಡಿಯೋ ಚೆಕ್‌ಸಮ್ ಮಾತ್ರ ತಾಳೆಯಾಗದು. ನಾನು ಎನ್‌ಎಕೆ (ಸರಿಯಿಲ್ಲ) ಅನ್ನೋದು, ಅದು ಅದೇ ಫ್ರೇಮನ್ನು ಮತ್ತೆ ಕಳಿಸೋದು. ಆರು ರಾತ್ರಿ ಹೀಗೇ ಜಗಳ. ನೋಡಿದರೆ ಫ್ರೇಮ್ ಶುರುವಾಯಿತು ಅಂತ ಹೇಳೋ ಎಸ್‌ಟಿಎಕ್ಸ್ ಗುರುತನ್ನೂ ಸೇರಿಸಿ ಕೂಡುತ್ತಿದ್ದೆ! ಅದನ್ನು ಬಿಟ್ಟು ಫ್ರೇಮ್ ನಂಬರಿನಿಂದ ಶುರು ಮಾಡಬೇಕು, ಅಷ್ಟೇ. ಬೆಳಗಿನ ಜಾವ ಮೂರಕ್ಕೆ ಪರದೆ ಮೇಲೆ ಎಚ್‌ಬಿ (ಹಿಮೋಗ್ಲೋಬಿನ್) 11.2 ಅಂತ ಬಂತು. ನನ್ನದೇ ರಕ್ತ. ಕಡಿಮೆ ಇದೆ ಅಂತಲೂ ಅವತ್ತೇ ಗೊತ್ತಾದದ್ದು.

ಬಿಇ ಮಾಡದವನಿಗೆ ಇದು ಆಗಲ್ಲ ಅಂದವರು ತುಂಬಾ ಜನ. ನಾನು ನೋಡಿದ ಒಂದು ಕಡೆ ಇಂಜಿನಿಯರ್ ಹುಡುಗರು ಮೆಷಿನ್ ಸರಿ ಇದೆಯಾ ಅಂತ ನೋಡೋಕೆ ಹಾಕೋ ಕ್ಯೂಸಿ ಸ್ಯಾಂಪಲ್ಲನ್ನೂ ಪೇಷಂಟ್ ಅಂತ ತಿಳಿದು ರಿಪೋರ್ಟ್ ತೆಗೆದಿದ್ದರು. ಸ್ಯಾಂಪಲ್ ಡೈಲ್ಯೂಟ್ ಮಾಡಿ (ತೆಳುವಾಗಿಸಿ) ಮತ್ತೆ ಟೆಸ್ಟಿಗೆ ಹಾಕಿದರೆ ಎರಡೂ ರಿಸಲ್ಟ್ ಅಚ್ಚಾಗುತ್ತಿತ್ತು. ನಾನು ಯಾವುದನ್ನು ಹೇಗೆ ಆರಿಸುತ್ತೇನೆ ಅಂತ ಇಲ್ಲಿ ಹೇಳಲ್ಲ, ಅದು ನನ್ನ ಅನ್ನ.

ನಡುವೆ ಸುಮ್ನೆ ಒಂದು ಹುಚ್ಚು: ರಿಪೋರ್ಟ್ ರೆಡಿ ಅಂತ ಕನ್ನಡದಲ್ಲಿ ಎಸ್ಎಂಎಸ್ ಕಳಿಸೋದು. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70 ಮಾತ್ರ, ಅದರಲ್ಲಿ ಒತ್ತಕ್ಷರ, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕ. ಬಿಲ್ ಡಬಲ್ ಆಯಿತು. ಲ್ಯಾಬಿನ ಹೆಸರು ಕತ್ತರಿಸಿ ಒಂದೇ ಮೆಸೇಜಿಗೆ ತಂದೆ, ಓನರ್ ಮುನಿಸಿಕೊಂಡರು.

ಮೊದಲ ವರ್ಷ ಎಲ್ಲ ಸೇರಿ ಲಕ್ಷವೂ ಹುಟ್ಟಲಿಲ್ಲ, ಹೆಂಡತಿಯ ಬಳೆ ಅಡವಿಟ್ಟಿದ್ದೆ. ಈಗ ಮೆಷಿನ್ನಿಗೆ 12–15 ಸಾವಿರ ತಗೊಳ್ಳುತ್ತೇನೆ. ತಿಂಗಳಿಗೆ ಸರಾಸರಿ ಐವತ್ತರ ಮೇಲೆ ಬೀಳುತ್ತೆ. ಬಳೆ ವಾಪಸ್ ಬಂದಿದೆ.

ಸದ್ಯ ಮೇಜಿನ ಮೇಲೆ ಒಂದು ಹಳೇ ಎಲೆಕ್ಟ್ರೋಲೈಟ್ ಮೆಷಿನ್ ಕೂತಿದೆ. ಅದಕ್ಕೆ ಡೇಟಾ ಪೋರ್ಟೇ ಇಲ್ಲ. ಒಳಗಿನ ಪ್ರಿಂಟರಿಗೆ ಹೋಗೋ ವೈರಿನಿಂದಲೇ ಕದ್ದು ಓದೋಣ ಅಂತ ಬಿಚ್ಚಿದ್ದೇನೆ. ಸೋಡಿಯಂ ಬರ್ತಿದೆ, ಪೊಟ್ಯಾಸಿಯಂ ಇನ್ನೂ ಆಟ ಆಡಿಸ್ತಿದೆ.