ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮುನ್ನ

ಮೊದಲು ಗೋಡೆ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತ, ಮಾದಕವಸ್ತುಗಳಿಂದ ಬರುವ ಮನೋಸ್ಥಿತಿಯನ್ನೂ ಮಾನಸಿಕ ಕಾಯಿಲೆ ಎಂದೇ ಎಣಿಸುತ್ತದೆ. ಹಾಗಾಗಿ ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಪ್ರಮಾಣಪತ್ರ ಬಂದವರ ಕಣ್ಣಿಗೆ ಬೀಳುವಂತಿರಬೇಕು. ತಾತ್ಕಾಲಿಕ ನೋಂದಣಿಗೆ 12 ತಿಂಗಳ ಅವಧಿ, ದಿನಾಂಕ ಓದಿ. ಟ್ರಸ್ಟ್ ನೋಂದಣಿ ಪತ್ರ ತೋರಿಸಿದರೆ ಒಪ್ಪಬೇಡಿ, ಅದು ಬೇರೆ. ನೋಂದಣಿಯಿಲ್ಲದೆ ನಡೆಸಿದರೆ ಮೊದಲ ಸಲಕ್ಕೇ 5,000ದಿಂದ 50,000 ರೂಪಾಯಿ ದಂಡವಿದೆ.

ನಂತರ ಕೇಳಬೇಕಾದದ್ದು: ಮನೋವೈದ್ಯರು ಯಾರು, ರಾತ್ರಿ ಯಾರಿರುತ್ತಾರೆ? ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೆ ಮೊದಲ ದಿನವೇ ಕೈ ನಡುಗುತ್ತದೆ, ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಂಡು ಜೀವಕ್ಕೇ ಕುತ್ತಾಗಬಹುದು. ಡಯಾಜೆಪಾಮ್‌ನಂಥ ಗುಳಿಗೆ, ಥಯಾಮಿನ್ ಇಂಜೆಕ್ಷನ್ ಬೇಕು. ಥಯಾಮಿನ್ ಕೊಡದೆ ಗ್ಲೂಕೋಸ್ ಹಚ್ಚಿದರೆ ಮೆದುಳಿಗೆ ಪೆಟ್ಟು ಬೀಳುವ ಅಪಾಯವಿದೆ. ಬರೀ ಪ್ರಾರ್ಥನೆ, ಯೋಗ ಎನ್ನುವ ಕೇಂದ್ರ ಈ ಹಂತಕ್ಕೆ ಬೇಡವೇ ಬೇಡ.

ಹೆರಾಯಿನ್ ಅಥವಾ ಅಫೀಮಿನ ಬಗೆಯ ನೋವಿನ ಗುಳಿಗೆಯ ಚಟಕ್ಕೆ ಬ್ಯೂಪ್ರೆನಾರ್ಫಿನ್ ಎಂಬ ಗುಳಿಗೆ ಕೊಡುತ್ತಾರೆ. ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಹಿಡಿತದಲ್ಲಿರುವ ಮದ್ದು ಇದು. ನಾಲಿಗೆಯಡಿ ಪೂರ್ತಿ ಕರಗಬೇಕು, ನುಂಗಿದರೆ ಪರಿಣಾಮ ತೀರಾ ಕಡಿಮೆ. ನರ್ಸ್ ಬಾಯಿ ತೆರೆಸಿ ನೋಡಿದರೆ ಅವಮಾನವೆಂದುಕೊಳ್ಳಬೇಡಿ. ಮೈಯಲ್ಲಿ ಹೆರಾಯಿನ್ ಇನ್ನೂ ಇರುವಾಗಲೇ ಕೊಟ್ಟರೆ ವಾಂತಿ, ಬೇಧಿ, ಮೈನೋವು ಒಮ್ಮೆಲೇ ಜೋರಾಗುತ್ತವೆ. ಅದಕ್ಕೇ ಆಕಳಿಕೆ, ಕಣ್ಣೀರು, ಸೀನು ಶುರುವಾಗುವ ತನಕ ಕಾಯಿಸುತ್ತಾರೆ.

ಇನ್ನೊಂದು ಮಾತು ಒತ್ತಿ ಹೇಳಬೇಕು: ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಗುಳಿಗೆಯನ್ನು ಕುಟ್ಟಿ ಸಾರಿಗೆ, ಪಲ್ಯಕ್ಕೆ ಕದ್ದು ಹಾಕಬೇಡಿ. ಅದು ತಿಳಿಯದೆ ರೋಗಿ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಸಾಯಲೂಬಹುದು. ಗುಳಿಗೆ ನಿಲ್ಲಿಸಿದ ಎರಡು ವಾರದ ತನಕ ಈ ಅಪಾಯವಿರುತ್ತದೆ.

ಸಹಿ ಹಾಕುವಾಗ ಸೇರ್ಪಡೆ ಯಾವ ಬಗೆಯದೆಂದು ಓದಿ. ಸ್ವಇಚ್ಛೆಯಿಂದ ಸೇರಿದವರು ಬಿಡುಗಡೆ ಕೇಳಿದರೆ ಪರೀಕ್ಷೆಗೆಂದು ಹೆಚ್ಚೆಂದರೆ 24 ಗಂಟೆ ತಡೆಯಬಹುದು. ಒಪ್ಪದವರನ್ನು ಸೇರಿಸಲು ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲಲು ಕಾಯ್ದೆ ಒಪ್ಪುವ ವ್ಯಕ್ತಿ) ಅರ್ಜಿ ಬೇಕು. ಮನೋವೈದ್ಯರೂ ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಹೀಗೆ ಇರಿಸಿಕೊಳ್ಳಲು ಮೊದಲ ಮಿತಿ 30 ದಿನ. ಆರು ತಿಂಗಳ ಹಣ ಮುಂಗಡ ಕೇಳಿದರೆ ಎಚ್ಚರ. ಸರಪಳಿ ಕಟ್ಟುವುದಂತೂ ನಿಷಿದ್ಧ. ದೂರಿಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ವಿವರ ಕೇಂದ್ರದಲ್ಲೇ ಹಾಕಿರಬೇಕು.

ಎಲ್ಲಿ ಶುರು ಮಾಡುವುದು? ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗ. ಗದಗ, ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆ. ಮನೆಯಿಂದಲೇ ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಕೊನೆಯ ಸಲ ಎಷ್ಟು, ಎಷ್ಟು ಗಂಟೆಗೆ ತೆಗೆದುಕೊಂಡರು ಎಂದು ಚೀಟಿಯಲ್ಲಿ ಬರೆದೊಯ್ಯಿರಿ; ಮೊದಲ ಡೋಸ್ ನಿಂತಿರುವುದು ಅದರ ಮೇಲೆ.